ಮೇನ್ ರೋಡ್ ಹೊಸದಾಗಿ ಮಾಡುತ್ತಾರಂತೆ, ಸಂಘದ ಪಟ್ಟಿಯಲ್ಲಿ ಪಾರ್ಕಿಂಗ್ ಬಿಟ್ಟರೆ ಏನೂ ಇಲ್ಲ. ಇನ್ನೇನು ಕೇಳಬೇಕು?

ಎಂಟನೇ_ಕ್ರಾಸ್

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಹಳೆ ಬಡಾವಣೆ ನಮ್ಮದು. ಇಲ್ಲಿನ ಮೇನ್ ರೋಡನ್ನು ಪೂರ್ತಿ ಅಗೆದು ಹೊಸದಾಗಿ ಮಾಡುತ್ತಾರಂತೆ. ಚರಂಡಿ, ಫುಟ್‌ಪಾತ್, ಕೇಬಲ್ ಪೈಪು, ಬೀದಿದೀಪ ಎಲ್ಲಾ ಸೇರಿ. ನಿವಾಸಿಗಳ ಸಂಘದಿಂದ ಒಂದು ಬೇಡಿಕೆ ಪಟ್ಟಿ ಕೊಡಿ ಅಂದಿದ್ದಾರೆ, ಅದನ್ನು ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ.

ಸಭೆಯಲ್ಲಿ ಬಂದ ಬೇಡಿಕೆಗಳು: ಕಾರ್ ಪಾರ್ಕಿಂಗ್, ಸಿಸಿಟಿವಿ, ಅಲಂಕಾರದ ಗಿಡ, ಮತ್ತೆ ಕಾರ್ ಪಾರ್ಕಿಂಗ್. ಒಬ್ಬರು "ಸೊಪ್ಪಿನವರನ್ನ, ತಳ್ಳುಗಾಡಿಯವರನ್ನ ಎತ್ತಿಸೋಕೆ ಇದೇ ಒಳ್ಳೆ ಟೈಮು" ಅಂದರು. ಯಾರೂ ಎದುರು ಮಾತಾಡಲಿಲ್ಲ.

ಡ್ರಾಯಿಂಗೂ ತೋರಿಸಿದರು. ಚೆನ್ನಾಗಿದೆ, ಸುಳ್ಳು ಹೇಳಬಾರದು. ಆದರೆ ಚಿತ್ರದಲ್ಲಿ ನಡೆಯುತ್ತಿರುವವರೆಲ್ಲ ಒಂದೇ ಥರ. ಹೆಗಲಿಗೆ ಬ್ಯಾಗು, ಕೈಯಲ್ಲಿ ಕಾಫಿ ಲೋಟ. ಒಬ್ಬ ಸೈಕಲ್ ಹುಡುಗ, ನಾಯಿ ಹಿಡಿದುಕೊಂಡ ಒಬ್ಬ ಹೆಂಗಸು. ಸೊಪ್ಪಿನವರು ಇಲ್ಲ, ಹೂವಿನವರು ಇಲ್ಲ, ಇಸ್ತ್ರಿ ಗಾಡಿ ಇಲ್ಲ, ಪೊರಕೆ ಹಿಡಿದ ಪೌರಕಾರ್ಮಿಕರು ಇಲ್ಲ, ಬಸ್ಸಿಗೆ ಕಾಯುವವರು ಒಬ್ಬರೂ ಇಲ್ಲ, ಕೋಲು ಊರಿಕೊಂಡು ನಡೆಯುವ ಅಜ್ಜ ಇಲ್ಲ. ನಮ್ಮ ರಸ್ತೆಯಲ್ಲಿ ನಿಜವಾಗಿ ಇರುವವರು ಇವರೇ ಅಲ್ವಾ? ಬ್ಯಾಗಿನವರು ಬೆಳಗ್ಗೆ ಕ್ಯಾಬ್ ಹತ್ತಿ ಹೋದರೆ ವಾಪಸ್ ಬರುವುದು ರಾತ್ರಿಗೆ.

ಕೇಳಬೇಕಾದ್ದು ಇಷ್ಟೇ. ಇಂಥ ಪಟ್ಟಿ ಮಾಡುವಾಗ ನಮ್ಮಂಥವರ ಕಣ್ಣಿಗೆ ಬೀಳದೇ ಹೋಗುವುದು ಯಾವುದು? ಭಾಷಣ ಬೇಡ, ಪಟ್ಟಿಯಲ್ಲಿ ಬರೆಯೋಕೆ ಆಗುವಂಥದ್ದು ಹೇಳಿ.

ಲೈನ್_ನಂಬರ್_ನಾಲ್ಕು

ಟಾಯ್ಲೆಟ್. ಮೊದಲು ಅದನ್ನ ಬರೆಯಿರಿ, ಆಮೇಲೆ ಮಿಕ್ಕಿದ್ದು.

ನಾನು ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ನಮ್ಮ ಲೈನಿನ ಹೆಂಗಸರು ಬೆಳಗ್ಗೆ ಮನೆ ಬಿಟ್ಟರೆ ಫ್ಯಾಕ್ಟರಿ ಸೇರುವವರೆಗೆ ನೀರು ಕುಡಿಯಲ್ಲ. ಬಾಟಲಿ ಬ್ಯಾಗಲ್ಲೇ ಇರುತ್ತೆ, ಮುಚ್ಚಳ ತೆಗೆಯಲ್ಲ ಅಷ್ಟೇ. ದಾರಿಯಲ್ಲಿ ಹೋಗೋಕೆ ಜಾಗ ಇಲ್ಲವಲ್ಲ. ನಿಮ್ಮ ರಸ್ತೆಯ ಸೊಪ್ಪಿನವರನ್ನ ಕೇಳಿ ನೋಡಿ, ಅವರದ್ದೂ ಇದೇ ಕಥೆ. ಮನೆಗೆಲಸದವರದ್ದೂ ಇದೇ. ಮೂರು ಮನೆಯ ಬಚ್ಚಲು ತೊಳೆಯುತ್ತಾರೆ, ಒಂದು ಮನೆಯಲ್ಲೂ ಬಚ್ಚಲಿಗೆ ಹೋಗೋಕೆ ಬಿಡಲ್ಲ. ಉರಿಮೂತ್ರ, ಇನ್‌ಫೆಕ್ಷನ್ ಅಂತ ರಜಾ ಹಾಕುವವರು ನಮ್ಮಲ್ಲಿ ಯಾವಾಗಲೂ ಇದ್ದೇ ಇರುತ್ತಾರೆ. ಕಾರಣ ರಜಾ ಚೀಟಿಯಲ್ಲಿ "ಜ್ವರ" ಅಂತ ಇರುತ್ತೆ.

ಟಾಯ್ಲೆಟ್ ಅಂತ ಬರೆದರೆ ಮಾತ್ರ ಸಾಲದು. ಒಳಗಿನ ಚಿಲಕ, ಬ್ಯಾಗು ನೇತು ಹಾಕೋಕೆ ಒಂದು ಮೊಳೆ, ಪ್ಯಾಡ್ ಹಾಕೋಕೆ ಮುಚ್ಚಳದ ಡಬ್ಬಿ, ರಾತ್ರಿ ಲೈಟು. ಮತ್ತೆ ದುಡ್ಡು. ಎಷ್ಟೋ ಕಡೆ ಗಂಡಸರಿಗೆ ನಿಂತು ಹೋಗೋಕೆ ಫ್ರೀ, ಹೆಂಗಸರು ಮಾತ್ರ ಕಾಸು ಕೊಡಬೇಕು. ಮುಂಬೈನಲ್ಲಿ 2011ರಿಂದ ಇದಕ್ಕೇ ಅಂತ ಹೆಂಗಸರು ದೊಡ್ಡ ಚಳವಳಿ ಮಾಡಿದರು. ನಮ್ಮಲ್ಲಿ ಅಷ್ಟು ಸದ್ದು ಆಗಲೇ ಇಲ್ಲ.

ಬಸ್ ಸ್ಟಾಪಿನ ಬಗ್ಗೆಯೂ ಒಂದು ಮಾತು. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾಯಿತು. ಟಿಕೆಟ್ ದುಡ್ಡು ಉಳಿಯಿತು, ನಿಜವಾಗಿಯೂ ದೊಡ್ಡ ಸಹಾಯ. ಆದರೆ ಕಾಯುವ ಜಾಗ ಹಂಗೇ ಇದೆ. ಕೆಲವು ಶೆಲ್ಟರ್ ನೋಡಿ. ಬಸ್ಸು ಬರುವ ಕಡೆಗೇ ಆಳೆತ್ತರದ ಜಾಹೀರಾತು ಬೋರ್ಡು. ಒಳಗೆ ಕೂತರೆ ಬಸ್ಸು ಕಾಣಲ್ಲ, ಅದಕ್ಕೆ ಎಲ್ಲರೂ ರಸ್ತೆಗೆ ಇಳಿದು ನಿಲ್ಲುತ್ತಾರೆ, ಆಮೇಲೆ ಜನಕ್ಕೆ ಶಿಸ್ತಿಲ್ಲ ಅಂತ ಬೈಗುಳ. ಸೀಟು ಅಂದರೆ ಎರಡು ಸ್ಟೀಲ್ ಪೈಪು. ಬಸುರಿ ಹೆಂಗಸು ಅದರ ಮೇಲೆ ಹೇಗೆ ಕೂರಬೇಕು ಅಂತ ಮಾಡಿದವರೇ ಒಂದ್ಸಲ ಕೂತು ತೋರಿಸಲಿ.

ಟೇಪು_ಹಿಡಿದವ

ಇಂಥ ರಸ್ತೆಗಳಿಗೆ ಡ್ರಾಯಿಂಗ್ ಮಾಡುವ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ, ಹಾಗಾಗಿ ಒಳಗಿನ ವಿಷಯ ಹೇಳುತ್ತೇನೆ. ಸೊಪ್ಪಿನವರು ಡ್ರಾಯಿಂಗಿನಲ್ಲಿ ಇಲ್ಲದೇ ಇರುವುದು ಯಾರದೋ ಕೆಟ್ಟ ಬುದ್ಧಿಯಿಂದಲ್ಲ. ಸರ್ವೆ ಮಾಡುವ ರೀತಿಯಲ್ಲೇ ಅವರು ಬಿಟ್ಟುಹೋಗುತ್ತಾರೆ.

ಟೋಟಲ್ ಸ್ಟೇಷನ್ ಅಂತ ಜಾಗ ಅಳೆಯುವ ಒಂದು ಮೆಷಿನ್ ಇಡುತ್ತೇವೆ. ಮರ, ಕರೆಂಟ್ ಕಂಬ, ಮ್ಯಾನ್‌ಹೋಲ್, ಗೇಟು, ಟ್ರಾನ್ಸ್‌ಫಾರ್ಮರ್ ಎಲ್ಲದಕ್ಕೂ ಒಂದೊಂದು ಪಾಯಿಂಟ್ ಹೊಡೆಯುತ್ತೇವೆ. ಅಲುಗಾಡದೇ ಇರುವುದೆಲ್ಲ ಬರುತ್ತೆ. ಸೊಪ್ಪಿನವರು ಬೆಳಗ್ಗೆ ಆರಕ್ಕೆ ಬಂದು ಹತ್ತಕ್ಕೆ ಎದ್ದು ಹೋಗುತ್ತಾರೆ, ಸರ್ವೆ ಹುಡುಗರು ಬರುವುದು ಹನ್ನೊಂದಕ್ಕೆ. ಮುಗೀತು. ಡ್ರಾಯಿಂಗಿನಲ್ಲಿ ಆ ಜಾಗ ಖಾಲಿ ಅಂತ ಕಾಣುತ್ತೆ, ಖಾಲಿ ಇದೆ ಅಂತ ಅಲ್ಲಿ ಪಾರ್ಕಿಂಗ್ ಹಾಕುತ್ತೇವೆ.

ಟ್ರಾಫಿಕ್ ಎಣಿಕೆಯೂ ಹಂಗೇ. ಎಲ್ಲ ಗಾಡಿಯನ್ನೂ ಕಾರಿನ ಲೆಕ್ಕಕ್ಕೆ ತಿರುಗಿಸುತ್ತಾರೆ, ಪಿಸಿಯು ಅಂತ. ಕಾರು ಅಂದರೆ ಒಂದು. ಬೈಕು ಅದಕ್ಕಿಂತ ಕಮ್ಮಿ. ಬಸ್ಸು ಎರಡರಿಂದ ನಾಲ್ಕರ ತನಕ. ಅಂದರೆ ಅರವತ್ತು ಜನ ತುಂಬಿದ ಬಸ್ಸು, ಒಬ್ಬೊಬ್ಬರೇ ಕೂತ ಮೂರು-ನಾಲ್ಕು ಕಾರಿಗೆ ಸಮ! ನಡೆದು ಹೋಗುವವರಿಗೆ ಈ ಲೆಕ್ಕದಲ್ಲಿ ಅಂಕಿಯೇ ಇಲ್ಲ. ಅವರನ್ನ ಬೇರೆಯಾಗಿ ಎಣಿಸಬೇಕು, ಎಣಿಸಿ ಅಂತ ಯಾರಾದರೂ ಹೇಳಿದ್ದರೆ ಮಾತ್ರ ಎಣಿಸುತ್ತಾರೆ.

ಹಾಗಾಗಿ ನನ್ನ ಸಲಹೆ, ಪಟ್ಟಿ ಬರೆಯೋಕೆ ಮುಂಚೆ ನೀವೇ ಎಣಿಸಿ. ಬೆಳಗ್ಗೆ ಆರಕ್ಕೆ, ಹನ್ನೊಂದಕ್ಕೆ, ಶಾಲೆ ಬಿಡುವ ಹೊತ್ತಿಗೆ, ರಾತ್ರಿ ಎಂಟೂವರೆಗೆ, ಪ್ರತಿ ಸಲ ಅರ್ಧ ಗಂಟೆ ಸಾಕು. ಓಡಾಡುವವರನ್ನ ಮಾತ್ರ ಅಲ್ಲ, ನಿಂತವರನ್ನ, ಕೂತವರನ್ನೂ ಬರೆದುಕೊಳ್ಳಿ. ಯಾರು ಎಲ್ಲಿ ಕೂರುತ್ತಾರೆ, ಏನು ಮಾರುತ್ತಾರೆ, ಎಲ್ಲಿ ದಾಟುತ್ತಾರೆ. ಆ ಡ್ರಾಯಿಂಗಿನ ಕಾಪಿ ಮೇಲೆಯೇ ಪೆನ್ನಲ್ಲಿ ಗುರುತು ಹಾಕಿ. ಎಂಜಿನಿಯರ್ ಮುಂದೆ ಇದನ್ನ ಇಟ್ಟರೆ ಇಲ್ಲ ಅನ್ನೋಕೆ ಕಷ್ಟ. "ಪಾದಚಾರಿ ಸ್ನೇಹಿ ರಸ್ತೆ ಬೇಕು" ಅಂತ ಬರೆದರೆ ಫೈಲಿಗೆ ಸೇರಿಸಿ ಕಟ್ಟಿ ಇಡುತ್ತಾರೆ.

ಅಳತೆ ಕೇಳಿದರೆ ಹೇಳೋಕೆ ಎರಡು ಅಂಕಿ ಇಟ್ಟುಕೊಳ್ಳಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪಾದಚಾರಿ ಮಾರ್ಗಸೂಚಿ, ಐಆರ್‌ಸಿ 103, 2012ರದ್ದು, ಆಮೇಲೆ ಪರಿಷ್ಕರಣೆಯೂ ಆಗಿದೆ. ಅದರ ಪ್ರಕಾರ ನಡೆಯೋಕೆ ಅಡೆತಡೆ ಇಲ್ಲದ ಜಾಗ ಕಡಿಮೆ ಅಂದರೂ 1.8 ಮೀಟರ್ ಇರಬೇಕು. ಕಂಬ, ಮರ, ಡಬ್ಬ ಎಲ್ಲಾ ಬಿಟ್ಟು. ಫುಟ್‌ಪಾತ್ ಎತ್ತರ 150 ಮಿಲಿಮೀಟರ್ ಮೀರಬಾರದು. ನಮ್ಮೂರಲ್ಲಿ ಒಂದೂವರೆ ಅಡಿ ಎತ್ತರ ಕಟ್ಟಿ, ಬೈಕು ಹತ್ತಬಾರದು ಅಂತ ಮಾಡಿದ್ದೀವಿ ಅಂತಾರೆ. ಬೈಕು ಹತ್ತುತ್ತೆ. ಅಜ್ಜಿ ಹತ್ತಲ್ಲ.

ಸುಮಾರು ಹತ್ತು ವರ್ಷದ ಹಿಂದೆ ರೆಸಿಡೆನ್ಸಿ ರೋಡ್, ವಿಠ್ಠಲ್ ಮಲ್ಯ ರಸ್ತೆ ಕಡೆ ಟೆಂಡರ್‌ಶ್ಯೂರ್ ಅನ್ನುವ ಯೋಜನೆಯಲ್ಲಿ ರಸ್ತೆ, ಫುಟ್‌ಪಾತ್ ಹೊಸದಾಗಿ ಮಾಡಿದರಲ್ಲ, ಅಲ್ಲಿ ನಡೆಯೋಕೆ ನಿಜಕ್ಕೂ ಸುಖ. ಆದರೆ ಅದು ಆಫೀಸು, ಹೋಟೆಲಿನ ರಸ್ತೆ. ಅದೇ ಡ್ರಾಯಿಂಗ್ ತಂದು ಬಡಾವಣೆಗೆ ಅಂಟಿಸಿದರೆ ಆಗಲ್ಲ. ಇಲ್ಲಿನ ಜನವೇ ಬೇರೆ.

ಸೈಟ್_ನಂ_77

ಓದೋಕೆ ಚೆನ್ನಾಗಿದೆ. ಸ್ವಲ್ಪ ಇನ್ನೊಂದು ಕಡೆಯದ್ದೂ ಕೇಳಿ.

ನಮ್ಮ ಏರಿಯಾದಲ್ಲಿ ಮೊದಲು ಒಂದು ತಳ್ಳುಗಾಡಿ ಬಂತು, ಪಾಪ ಅಂತ ಸುಮ್ಮನಿದ್ವಿ. ಈಗ ಸಾಲು. ಸಂಜೆ ಪಾನಿಪುರಿ, ಗೋಬಿ, ಎಗ್‌ರೈಸ್. ಎಣ್ಣೆ ನೀರು ಚರಂಡಿಗೆ, ಪ್ಲೇಟು ನಮ್ಮ ಕಾಂಪೌಂಡಿಗೆ. ನಮ್ಮ ತಾಯಿಗೆ ಮಂಡಿ ನೋವು, ಇಷ್ಟಿಷ್ಟೇ ನಡೆಯುತ್ತಾರೆ. ಫುಟ್‌ಪಾತಿನಲ್ಲಿ ಜಾಗ ಇಲ್ಲ ಅಂತ ರಸ್ತೆಗೆ ಇಳಿದರೆ ಆಟೋದವನು ಹಾರ್ನ್ ಹೊಡೆಯುತ್ತಾನೆ. ಇದು ಸಾಮಾಜಿಕ ಸಮಸ್ಯೆ ಅಲ್ವಾ? ಬಡವರು ಅಂದ ತಕ್ಷಣ ಎಲ್ಲಾ ಸರಿನಾ? ನಾವು ಆಸ್ತಿ ತೆರಿಗೆ ಕಟ್ಟುತ್ತೇವೆ, ನಮ್ಮ ಮಾತಿಗೂ ಒಂದು ಬೆಲೆ ಇರಲಿ.

ಟೇಪು_ಹಿಡಿದವ

ಸರ್, ನಿಮ್ಮ ತಾಯಿಯವರ ಕಷ್ಟ ಖಂಡಿತ ಪಟ್ಟಿಯಲ್ಲಿ ಬರಬೇಕು. ಆದರೆ ಒಂದ್ಸಲ ಅವರ ಜೊತೆ ನೀವೂ ನಡೆದು ನೋಡಿ, ಅವರು ಎಲ್ಲೆಲ್ಲಿ ಕೆಳಗೆ ಇಳಿಯುತ್ತಾರೆ ಅಂತ. ನನ್ನ ಅನುಭವದಲ್ಲಿ ಗಾಡಿಯಿಂದ ಇಳಿಯುವುದಕ್ಕಿಂತ ಜಾಸ್ತಿ ಮನೆ ಗೇಟಿನ ರ‍್ಯಾಂಪುಗಳಿಂದ ಇಳಿಯಬೇಕಾಗುತ್ತೆ. ಪ್ರತಿ ಮನೆಯವರೂ ತಮ್ಮ ಕಾರು ಒಳಗೆ ಹೋಗಲಿ ಅಂತ ಫುಟ್‌ಪಾತ್ ಕಡಿದು ಇಳಿಜಾರು ಮಾಡಿಕೊಂಡಿರುತ್ತಾರೆ. ಎರಡು ಹೆಜ್ಜೆ ಸಪಾಟು, ಎರಡು ಹೆಜ್ಜೆ ಓರೆ. ಮಂಡಿ ನೋವಿನವರಿಗೆ ಅದು ಶಿಕ್ಷೆ. ಆಮೇಲೆ ಮನೆ ಮುಂದಿನ ತುಳಸಿಕಟ್ಟೆ, ಬೇಲಿ ಹಾಕಿದ ತೋಟ, ಜನರೇಟರು. ಇದನ್ನ ಯಾರೂ ಒತ್ತುವರಿ ಅನ್ನಲ್ಲ.

ವ್ಯಾಪಾರಿಗಳಿಗೆ 2014ರಲ್ಲೇ ಕೇಂದ್ರದ ಕಾಯ್ದೆ ಬಂದಿದೆ. ಸರ್ವೆ ಮಾಡಬೇಕು, ಅದು ಮುಗಿದು ಪ್ರಮಾಣಪತ್ರ ಕೊಡುವ ತನಕ ಎತ್ತಿಸುವಂತಿಲ್ಲ. ವಾರ್ಡಿನ ಜನಸಂಖ್ಯೆಯ ಶೇ. 2.5ರಷ್ಟು ವ್ಯಾಪಾರಿಗಳಿಗೆ ಜಾಗ ಮಾಡಿಕೊಡಬಹುದು ಅಂತ ಲೆಕ್ಕ ಇದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40 ವ್ಯಾಪಾರಿಗಳೇ ಇರಬೇಕು, ಅದರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಹಾಗಂತ ಎಲ್ಲಿ ಬೇಕಾದರೂ ನಿಲ್ಲಬಹುದು ಅಂತ ಅಲ್ಲ. ಇಲ್ಲಿ ವ್ಯಾಪಾರ, ಇಲ್ಲಿ ಇಲ್ಲ, ಇಲ್ಲಿ ಇಂಥ ಹೊತ್ತಲ್ಲಿ ಮಾತ್ರ ಅಂತ ಜಾಗ ಗುರುತು ಮಾಡಬೇಕು. ಎಣ್ಣೆ ನೀರು, ಪ್ಲೇಟು ನೀವು ಹೇಳಿದ್ದು ಸರಿಯೇ. ಆದರೆ ಅಲ್ಲಿ ಒಂದು ನಲ್ಲಿ, ಒಂದು ಕಸದ ಡಬ್ಬ, ಎಣ್ಣೆ ನಿಲ್ಲುವ ಒಂದು ಗುಂಡಿ ಡ್ರಾಯಿಂಗಿನಲ್ಲೇ ಬಂದಿದ್ದರೆ ಅರ್ಧ ಜಗಳ ಇರುತ್ತಿರಲಿಲ್ಲ. ಜಾಗ ಕೊಡದೇ, ನೀರು ಕೊಡದೇ, ಆಮೇಲೆ ಗಲೀಜು ಅಂದರೆ ಏನು ಮಾಡುತ್ತಾರೆ?

ಬಿಳಿಕೋಲು

ನನಗೆ ದೃಷ್ಟಿ ಇಲ್ಲ, ಫೋನು ಓದಿ ಹೇಳುತ್ತೆ, ನಾನು ಮಾತಾಡಿ ಟೈಪ್ ಮಾಡುತ್ತೇನೆ. ತಪ್ಪಿದ್ದರೆ ಅಡ್ಜಸ್ಟ್ ಮಾಡಿಕೊಳ್ಳಿ.

ಸೈಟ್ 77ರವರ ಮಾತಿಗೆ ನನ್ನದೊಂದು. ಒಂದೇ ಕಡೆ ಕೂರುವ ವ್ಯಾಪಾರಿಗಳಿಂದ ನನಗೆ ತೊಂದರೆ ಇಲ್ಲ, ಉಪಕಾರವೇ ಇದೆ. ಮಲ್ಲಿಗೆ ವಾಸನೆ ಬಂತು ಅಂದರೆ ದೇವಸ್ಥಾನದ ತಿರುವು ಬಂತು ಅಂತ ಗೊತ್ತಾಗುತ್ತೆ. ಇಸ್ತ್ರಿ ಗಾಡಿಯ ಇದ್ದಿಲು ವಾಸನೆ ದಾಟಿದರೆ ನನ್ನ ಬಸ್ ಸ್ಟಾಪ್. ದಾರಿ ತಪ್ಪಿದರೆ "ಸರ್, ಈ ಕಡೆ" ಅಂತ ಕೂಗಿ ಹೇಳುವವರೂ ಅವರೇ. ನನಗೆ ಹೆದರಿಕೆ ಇರುವುದು ದಿನಕ್ಕೊಂದು ಕಡೆ ನಿಲ್ಲಿಸುವ ಬೈಕಿಗೆ, ನಿನ್ನೆ ಇಲ್ಲದೇ ಇವತ್ತು ತೆರೆದಿಟ್ಟ ಚರಂಡಿ ಚಪ್ಪಡಿಗೆ.

ಈಗ ಹೊಸ ಫುಟ್‌ಪಾತಿಗೆಲ್ಲ ಉಬ್ಬು ಟೈಲ್ಸ್ ಹಾಕುತ್ತಾರೆ. ಗೆರೆ ಇದ್ದರೆ ಮುಂದೆ ನಡಿ ಅಂತ, ಚುಕ್ಕಿ ಇದ್ದರೆ ನಿಲ್ಲು, ಹುಷಾರು ಅಂತ ಅರ್ಥ. ಹಾಕುವ ಮೇಸ್ತ್ರಿಗೆ ಇದನ್ನ ಯಾರೂ ಹೇಳಿರುವುದಿಲ್ಲ. ಡಿಸೈನ್ ಅಂದುಕೊಂಡು ಚುಕ್ಕಿ-ಗೆರೆ ಬೆರೆಸಿ ಚೆಂದವಾಗಿ ಹಾಕಿರುತ್ತಾರೆ. ಒಂದು ಕಡೆ ಗೆರೆ ಹಿಡಿದುಕೊಂಡು ನಡೆದೆ, ಅದು ನನ್ನನ್ನ ಸೀದಾ ಕರೆಂಟ್ ಡಬ್ಬದ ಹತ್ತಿರ ಕರೆದುಕೊಂಡು ಹೋಯಿತು. ಇನ್ನೊಂದು, ಪೂರ್ತಿ ಕಾಣದವರಿಗಿಂತ ಮಸುಕು ಮಸುಕಾಗಿ ಕಾಣುವವರೇ ಜಾಸ್ತಿ ಇದ್ದಾರೆ. ಅವರಿಗೆ ಹಳದಿ ಬೇಕು. ಬೂದು ಕಲ್ಲಿನ ಮೇಲೆ ಬೂದು ಟೈಲ್ಸ್ ಹಾಕಿದರೆ ಆರ್ಕಿಟೆಕ್ಟಿಗೆ ಚೆಂದ, ನಮಗೆ ಏನೂ ಇಲ್ಲ.

ವಿಕಲಚೇತನರ ಹಕ್ಕಿನ ಕಾಯ್ದೆ 2016ರದ್ದು. ಪಟ್ಟಿಯಲ್ಲಿ ಅದನ್ನ ಹೆಸರಿಸಿ. ಅದಕ್ಕಿಂತ ಮುಖ್ಯ, ಟೈಲ್ಸ್ ಹಾಕುವ ದಿನ ನಮ್ಮಂಥವರು ಒಬ್ಬರನ್ನ ಕರೆಸಿ ಮೊದಲ ಹತ್ತು ಮೀಟರ್ ನಡೆಸಿ ನೋಡಿ. ಸಿಮೆಂಟ್ ಒಣಗಿದ ಮೇಲೆ ಕರೆದು ಫೋಟೋ ತೆಗೆಸಿಕೊಳ್ಳುವುದು ಬೇಡ.

ಉಣಕಲ್_ಹುಡುಗ

ಹುಬ್ಬಳ್ಳಿಯಿಂದ ಒಂದೆರಡು ಮಾತು. ನಮ್ಮ ಕಡೆ ಚಿಗರಿ ಬಸ್ಸು ಗೊತ್ತಿರಬೇಕಲ್ಲ, ಹುಬ್ಬಳ್ಳಿ-ಧಾರವಾಡ ಬಿಆರ್‌ಟಿಎಸ್, ಅಂದರೆ ರಸ್ತೆ ನಡುವೆ ಬಸ್ಸಿಗೇ ಅಂತ ಬೇರೆ ದಾರಿ. 2018ರ ಅಕ್ಟೋಬರಿನಲ್ಲಿ ಓಡೋಕೆ ಶುರುವಾಯಿತು, 22 ಕಿಲೋಮೀಟರ್. ಬಸ್ಸು ಭಾಳ ಚಲೋ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸ್ಟೇಷನ್ ಎಲ್ಲಾ ರಸ್ತೆ ನಡುವೆ. ಅಂದರೆ ಹತ್ತುವ ಪ್ರತಿಯೊಬ್ಬರೂ, ಇಳಿಯುವ ಪ್ರತಿಯೊಬ್ಬರೂ ಅರ್ಧ ರಸ್ತೆ ದಾಟಲೇಬೇಕು. ಗಾಡಿಗಳು ಜೋರಾಗಿ ಓಡುವ ಅರ್ಧ ರಸ್ತೆ. ಬಸ್ಸಿನ ವೇಗ ಎಲ್ಲರೂ ಲೆಕ್ಕ ಹಾಕುತ್ತಾರೆ. ಗಂಟು ಹೊತ್ತ ಮುದುಕಿ ಆ ಅರ್ಧ ರಸ್ತೆ ದಾಟೋಕೆ ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದನ್ನೂ ಪ್ರಯಾಣದ ಸಮಯಕ್ಕೆ ಸೇರಿಸಬೇಕೋ ಬೇಡವೋ?

ನಿಮ್ಮ ಡ್ರಾಯಿಂಗಿನಲ್ಲಿ ದಾಟುವ ಜಾಗ ಎಲ್ಲಿದೆ ನೋಡಿ. ಸ್ಕೈವಾಕ್ ಕೊಡುತ್ತೇವೆ ಅಂದರೆ ಬೇಡ ಅನ್ನಿ. ಲಿಫ್ಟ್ ಮೊದಲ ತಿಂಗಳು ನಡೆಯುತ್ತೆ, ಆಮೇಲೆ ಬೀಗ. ನೆಲದ ಮೇಲೇ ದಾಟೋಕೆ ಬೇಕು, ಉಬ್ಬು ಮಾಡಿ, ಗಾಡಿ ತಾನಾಗೇ ನಿಧಾನ ಆಗುವ ಹಾಗೆ. ಮಂದಿ ಈಗ ಎಲ್ಲಿ ದಾಟುತ್ತಾರೋ ಅಲ್ಲೇ ಕೊಡಬೇಕು, ನೂರು ಮೀಟರ್ ಆಚೆ ಕೊಟ್ಟು ನಡುವೆ ಕಬ್ಬಿಣದ ಬೇಲಿ ಹಾಕುವುದಲ್ಲ.

ಎಂಟನೇ_ಕ್ರಾಸ್

ಎಲ್ಲರಿಗೂ ಥ್ಯಾಂಕ್ಸ್. ಎಣಿಕೆ ಮಾಡಿದ್ವಿ, ನಾನು ಮತ್ತೆ ಇಬ್ಬರು ಕಾಲೇಜು ಹುಡುಗಿಯರು. ಅಂಕಿ ಇಲ್ಲಿ ಹಾಕಲ್ಲ, ಸಭೆಗೆ ಮೊದಲು ತೋರಿಸಬೇಕು. ಆದರೆ ಒಂದು ವಿಷಯ ಹೇಳಲೇಬೇಕು. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಪೌರಕಾರ್ಮಿಕರು ಒಂದು ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಸಾಲಾಗಿ ಕೂತು ತಿಂಡಿ ತಿನ್ನುತ್ತಾರೆ. ಎದುರಿಗೇ ಪಾರ್ಕು ಇದೆ, ನೆರಳಿದೆ, ಕಲ್ಲು ಬೆಂಚಿದೆ. ಗೇಟಿಗೆ ಬೀಗ. ಪಾರ್ಕುಗಳು ಬೆಳಗ್ಗೆ ಐದರಿಂದ ರಾತ್ರಿ ಹತ್ತರ ತನಕ ತೆರೆದಿರಬೇಕು ಅಂತ 2024ರಲ್ಲೇ ಬಂದಿತ್ತಲ್ಲ? ನಮ್ಮಲ್ಲಿ ಇನ್ನೂ ಹಳೆ ಟೈಮೇ. ಕೇಳಿದರೆ "ಮಧ್ಯಾಹ್ನ ಬಿಟ್ಟರೆ ಯಾರ‍್ಯಾರೋ ಬಂದು ಮಲಗುತ್ತಾರೆ" ಅನ್ನುತ್ತಾರೆ. ಮಲಗಲಿ ಬಿಡಿ ಅಂತ ಬಾಯಿಗೆ ಬಂತು, ಹೇಳಲಿಲ್ಲ.

ಲೈನ್_ನಂಬರ್_ನಾಲ್ಕು

ಹೇಳಬೇಕಿತ್ತು. ಬೆಳಗ್ಗೆ ವಾಕಿಂಗ್ ಮಾಡುವವರಿಗೆ ಪಾರ್ಕು, ಸಂಜೆ ವಾಕಿಂಗ್ ಮಾಡುವವರಿಗೆ ಪಾರ್ಕು. ಬಿಸಿಲಲ್ಲಿ ಕೆಲಸ ಮಾಡುವವರಿಗೆ ನೆರಳು ಬೇಕಾಗುವುದು ಮಧ್ಯಾಹ್ನ. ಆ ಹೊತ್ತಿಗೆ ಸರಿಯಾಗಿ ಬೀಗ ಹಾಕುವುದು ಯಾವ ನ್ಯಾಯ? ಈಗೀಗ ಬೆಂಚಿನ ನಡುವೆ ಒಂದು ಕಬ್ಬಿಣದ ಕೈ ಬೇರೆ ಹಾಕುತ್ತಾರೆ, ಯಾರೂ ಕಾಲು ಚಾಚಬಾರದು ಅಂತ. ಅದು ಬೇಡ ಅಂತಲೂ ಬರೆಯಿರಿ.

ಟೇಪು_ಹಿಡಿದವ

ಇದೆಲ್ಲಾ ಬರೆದು ಕೊಟ್ಟರೂ ಒಂದು ಕೆಲಸ ಬಾಕಿ ಇರುತ್ತೆ. ಎಸ್ಟಿಮೇಟ್ ನೋಡಿ. ಡ್ರಾಯಿಂಗಿನಲ್ಲಿ ಇದ್ದು ಎಸ್ಟಿಮೇಟಿನಲ್ಲಿ ಇಲ್ಲದಿದ್ದರೆ ಅದು ರಸ್ತೆ ಮೇಲೆ ಬರಲ್ಲ. ಗುತ್ತಿಗೆದಾರರು ಡ್ರಾಯಿಂಗ್ ನೋಡಿ ಕೆಲಸ ಮಾಡಲ್ಲ, ಐಟಂ ನೋಡಿ ಬಿಲ್ ಮಾಡುತ್ತಾರೆ. ಬೆಂಚು ಎಷ್ಟು, ನಲ್ಲಿ ಎಷ್ಟು, ಹಳದಿ ಟೈಲ್ಸ್ ಎಷ್ಟು ಚದರ ಮೀಟರ್, ಉಬ್ಬು ಕ್ರಾಸಿಂಗ್ ಎಷ್ಟು ಅಂತ ಐಟಂ ಸಾಲಿನಲ್ಲಿ ಇರಬೇಕು. ಕೇಳಿದರೆ ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಹತ್ತು ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ಆದರೆ ಟೆಂಡರ್ ಕರೆಯೋಕೆ ಮುಂಚೆಯೇ ಹಾಕಿ. ಟೆಂಡರ್ ಆದ ಮೇಲೆ ಎಂಜಿನಿಯರ್ ಎಷ್ಟೇ ಒಳ್ಳೆಯವರಾದರೂ ಹೊಸ ಐಟಂ ಸೇರಿಸೋಕೆ ಹೆದರುತ್ತಾರೆ, ಆಡಿಟ್‌ನವರು ಹಿಡಿಯುತ್ತಾರೆ ಅಂತ.

ಸೈಟ್_ನಂ_77

ಗೇಟಿನ ರ‍್ಯಾಂಪ್ ವಿಷಯ ಒಪ್ಪಿದೆ, ನಮ್ಮದೂ ಹಾಗೇ ಇದೆ. ಪಾರ್ಕೂ ಸರಿ. ಆದರೆ ಟಾಯ್ಲೆಟ್ ಬೇಕು ಬೇಕು ಅಂತ ಎಲ್ಲರೂ ಹೇಳುತ್ತೀರಿ, ಯಾರ ಮನೆ ಮುಂದೆ ಕಟ್ಟುತ್ತಾರೆ ಅಂತ ಯಾರೂ ಹೇಳುತ್ತಿಲ್ಲ. ಎರಡು ತಿಂಗಳಾದ ಮೇಲೆ ನಾರುತ್ತೆ, ಆಗ ಪಕ್ಕದ ಮನೆಯವರ ಗತಿ?

ಎಂಟನೇ_ಕ್ರಾಸ್

ಸಂಘದ ವಾಟ್ಸ್ಯಾಪ್ ಗ್ರೂಪಿನಲ್ಲಿ ನಿನ್ನೆಯಿಂದ ಅದೇ ಜಗಳ. ಎಲ್ಲರಿಗೂ ಬೇಕು, ತಮ್ಮ ಕ್ರಾಸಿನಲ್ಲಿ ಬೇಡ. ನಾನು ಬಸ್ ಸ್ಟಾಪಿನ ಹಿಂದೆ, ಪಾರ್ಕಿನ ಪಂಪ್ ರೂಮ್ ಪಕ್ಕ ಅಂತ ಬರೆದಿದ್ದೇನೆ. ನೀರಿನ ಲೈನು, ಒಳಚರಂಡಿ ಎರಡೂ ಅಲ್ಲಿ ಹತ್ತಿರ ಇದೆ, ಮನೆ ಯಾವುದೂ ತಾಗಿಕೊಂಡಿಲ್ಲ. ಕಟ್ಟುವ ದುಡ್ಡಿನ ಜೊತೆಗೆ ಐದು ವರ್ಷ ತೊಳೆಯುವ, ಕಾಯುವ ಸಂಬಳವೂ ಅದೇ ಎಸ್ಟಿಮೇಟಿನಲ್ಲಿ ಬರಬೇಕು ಅಂತಲೂ ಸೇರಿಸಿದೆ. ಈ ಐದು ವರ್ಷದ್ದನ್ನ ಯಾವ ತಲೆಬರಹದ ಕೆಳಗೆ ತೋರಿಸುತ್ತಾರೆ ಅಂತ ಯಾರಿಗಾದರೂ ಗೊತ್ತಿದ್ದರೆ ಶುಕ್ರವಾರದೊಳಗೆ ಹೇಳಿ, ಸಭೆ ಶನಿವಾರ ಇದೆ.